ಡಿ ಡ್ರೈವಿನಿಂದ ಮಾಯವಾದ ಅಳತೆ ಪುಸ್ತಕ



ರಾಯಚೂರು ತಾಲೂಕಿನ ಯಾಪಲದಿನ್ನಿ ಕಡೆಯ ಸಹೋದರಿಯೊಬ್ಬರ ಪತ್ರ ನನ್ನ ಮುಂದಿದೆ. ಹೊಲಿಗೆ ಅವರ ಕಸುಬು. ದೊಡ್ಡ ಮಗ ರಾಯಚೂರಿನಿಂದ ಹಳೆಯ ಕಂಪ್ಯೂಟರೊಂದನ್ನು ತಂದು ಮನೆಯಲ್ಲಿ ಇಟ್ಟಿದ್ದಾನೆ. ಅದಕ್ಕೆ ಇಂಟರ್‌ನೆಟ್ ಇಲ್ಲ. ಗಿರಾಕಿಗಳ ಅಳತೆ, ಯಾರಿಂದ ಎಷ್ಟು ಬಾಕಿ ಬರಬೇಕು ಎಂಬುದನ್ನೆಲ್ಲ ಎರಡು ವರ್ಷದಿಂದ ಇವರು ಅದರಲ್ಲೇ ಬರೆದಿಡುತ್ತಿದ್ದರು. ಈದ್ ಬಟ್ಟೆಗಳು ರಾಶಿ ಬಿದ್ದಿದ್ದ ಹೊತ್ತಿನಲ್ಲಿ, ಪೆನ್‌ಡ್ರೈವಿನಿಂದ ಸಿನಿಮಾ ತುಂಬಿಸಲು ಜಾಗ ಸಾಲದೆಂದು ಕಿರಿಯ ಮಗ ನಾಲ್ಕೈದು ಫೋಲ್ಡರುಗಳನ್ನು ತೆರೆದೂ ನೋಡದೆ ಅಳಿಸಿದ. ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿದ. ಅಮ್ಮಿಯ ಅಳತೆ ಪುಸ್ತಕ ಹೋಯಿತು.

“ನೆಟ್ ಇಲ್ಲದ ಕಂಪ್ಯೂಟರಿಗೂ ಬೀಗ ಬೇಕೇ?” ಎಂದು ಕೇಳಿದ್ದಾರೆ. ಬೇಕು. ಹೊರಗಿನವರು ಬರಲಾರರು ನಿಜ, ಆದರೆ ಮನೆಯ ಕೈಗಳೇ ಐದಾರು ಇವೆಯಲ್ಲ!

ಅವರ ಮನೆಯಲ್ಲಿ ಎಲ್ಲರೂ ಒಂದೇ ಹೆಸರಿನಲ್ಲಿ ಕಂಪ್ಯೂಟರ್ ತೆರೆಯುತ್ತಾರೆ. ವಿಂಡೋಸ್ ಹಾಕುವಾಗ ಮೊದಲು ಮಾಡುವ ಖಾತೆ ಯಾವಾಗಲೂ ಅಡ್ಮಿನಿಸ್ಟ್ರೇಟರ್, ಅಂದರೆ ಎಲ್ಲ ಅಧಿಕಾರ ಇರುವ ಖಾತೆ. ಎಂಟು ವರ್ಷದ ಮಗು ಕುಳಿತರೂ ಅದೇ ಅಧಿಕಾರ. ಆದ್ದರಿಂದ ಮೊದಲು ತಾಯಿಯ ಹೆಸರಿನಲ್ಲಿ ಒಂದು ಅಡ್ಮಿನಿಸ್ಟ್ರೇಟರ್ ಖಾತೆ ಮಾಡಿ ಪಾಸ್‌ವರ್ಡ್ ಇಡಬೇಕು. ಉಳಿದವರಿಗೆ ಒಬ್ಬೊಬ್ಬರಿಗೂ ‘ಸ್ಟ್ಯಾಂಡರ್ಡ್ ಯೂಸರ್’ ಖಾತೆ ಸಾಕು. ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಇದೆಲ್ಲ ಸಿಗುತ್ತದೆ, ನೆಟ್ ಬೇಕಾಗಿಲ್ಲ. ಸ್ಟ್ಯಾಂಡರ್ಡ್ ಖಾತೆಯವರು ಇಡೀ ಕಂಪ್ಯೂಟರಿಗೆ ಅನ್ವಯಿಸುವ ಸಾಫ್ಟ್‌ವೇರ್ ಹಾಕಲು ಹೋದರೆ ತಾಯಿಯ ಪಾಸ್‌ವರ್ಡ್ ಕೇಳುತ್ತದೆ. ಪೆನ್‌ಡ್ರೈವಿನಿಂದಲೇ ನೇರವಾಗಿ ಓಡುವ ಆಟಗಳನ್ನು ಮಾತ್ರ ಇದು ತಡೆಯುವುದಿಲ್ಲ.

ಇಲ್ಲೇ ಮನೆಯಲ್ಲಿ ಮಾತು ಏಳುವುದು. ಕಂಪ್ಯೂಟರ್ ತಂದವನು ದೊಡ್ಡ ಮಗ, ಪಾಸ್‌ವರ್ಡ್ ಗೊತ್ತಿರುವುದೂ ಅವನಿಗೇ. “ಅಮ್ಮೀ, ನನ್ನ ಮೇಲೆ ನಂಬಿಕೆ ಇಲ್ಲವಾ?” ಎಂದು ಅವನು ಮುಖ ಸಣ್ಣ ಮಾಡಿಕೊಂಡನಂತೆ. ಸಹೋದರಿ, ಅವನಿಗೆ ಹೀಗೆ ಹೇಳಿ: “ಬೇಟಾ, ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲಿದೆ ಎಂದರೆ ನೀನು ಕಳ್ಳ ಎಂದಲ್ಲ.” ಬೇಕಿದ್ದರೆ ಅವನ ಕೈಯಿಂದಲೇ ಖಾತೆಗಳನ್ನು ಮಾಡಿಸಿ. ಕೊನೆಯ ಪಾಸ್‌ವರ್ಡನ್ನು ಮಾತ್ರ ನೀವೇ ಒತ್ತಿ. ಮನೆಯ ಯಜಮಾನಿ ತನ್ನದೇ ಲೆಕ್ಕದ ಪುಸ್ತಕ ತೆರೆಯಲು ಮಗನ ದಾರಿ ಕಾಯುವುದು ನನಗಂತೂ ಸರಿಕಾಣುವುದಿಲ್ಲ.

ಖಾತೆ ಬೇರೆ ಮಾಡಿದ ಮಾತ್ರಕ್ಕೆ ಫೈಲುಗಳು ಉಳಿಯುತ್ತವೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲರಿಗೂ ಒಂದು ಅಭ್ಯಾಸ, ಮುಖ್ಯವಾದದ್ದೆಲ್ಲ ಡಿ ಡ್ರೈವಿಗೆ. ವಿಂಡೋಸ್ ಕೆಟ್ಟರೂ ಅದು ಉಳಿಯುತ್ತದೆ ಎಂದು ಅಂಗಡಿಯವರು ಹೇಳಿಕೊಟ್ಟ ಪಾಠ. ಆದರೆ ಡಿ ಡ್ರೈವಿನಲ್ಲಿಟ್ಟದ್ದನ್ನು ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಖಾತೆಯವರೂ ಅಳಿಸಬಹುದು. ನಿಮ್ಮ ಖಾತೆಯ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇಟ್ಟರೆ ಮಕ್ಕಳ ಖಾತೆಯಿಂದ ಅದು ತೆರೆಯುವುದೇ ಇಲ್ಲ. ಅಳತೆ ಪುಸ್ತಕದ ಜಾಗ ಅದು. ವಾರಕ್ಕೊಮ್ಮೆ ಒಂದು ಪೆನ್‌ಡ್ರೈವಿಗೂ ನಕಲು ಮಾಡಿ, ಅದನ್ನು ಮಕ್ಕಳಿಗೆ ಸಿನಿಮಾ ತರಲು ಕೊಡಬೇಡಿ.

ಹೊತ್ತಿನ ಮಿತಿಯ ಬಗ್ಗೆಯೂ ಕೇಳಿದ್ದಾರೆ. 2009ರ ವಿಂಡೋಸ್ 7ರಲ್ಲಿ ‘ಪೇರೆಂಟಲ್ ಕಂಟ್ರೋಲ್ಸ್’ ನೆಟ್ ಇಲ್ಲದೆಯೇ ಕೆಲಸ ಮಾಡುತ್ತಿತ್ತು. 2015ರ ವಿಂಡೋಸ್ 10ರಿಂದ ಆ ಸೌಲಭ್ಯಕ್ಕೆ ಮೈಕ್ರೋಸಾಫ್ಟ್ ಖಾತೆ ಬೇಕು, ಅಂದರೆ ನೆಟ್ ಬೇಕು. ನೆಟ್ ಬೇಡವೆಂದ ಮನೆಗೇ ಕಾವಲೂ ಇಲ್ಲವಾಯಿತು, ಇದು ನ್ಯಾಯವೇ? ಉಳಿದಿರುವ ದಾರಿ ಕಮಾಂಡ್ ಪ್ರಾಂಪ್ಟಿನದು. ಅಲ್ಲಿ ‘ನೆಟ್ ಯೂಸರ್’ ಆದೇಶಕ್ಕೆ ‘ಟೈಮ್ಸ್’ ಸೇರಿಸಿ, ಮಗನ ಖಾತೆ ಸಂಜೆ 5ರಿಂದ 7ರವರೆಗೆ ಮಾತ್ರ ತೆರೆಯುವಂತೆ ಮಾಡಬಹುದು. (ಹೆಸರಿನಲ್ಲಿ ನೆಟ್ ಇದ್ದರೂ ಇಂಟರ್‌ನೆಟ್ ಬೇಡ!) ಆದರೆ ಒಳಗೆ ಕುಳಿತವನನ್ನು 7 ಗಂಟೆಗೆ ಅದು ಎಬ್ಬಿಸುವುದಿಲ್ಲ, ಹೊಸದಾಗಿ ಒಳಹೋಗುವುದನ್ನಷ್ಟೇ ತಡೆಯುತ್ತದೆ. ಎಬ್ಬಿಸುವ ಕೆಲಸ ನಿಮ್ಮದೇ.

ಗಡಿಯಾರದ ಮೇಲೂ ಕಣ್ಣಿಡಿ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇದ್ದರೂ ತಮ್ಮ ಊರಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ ಎಂದು ಅವರೇ ಬರೆದಿದ್ದಾರೆ. ಹಳೆಯ ಕಂಪ್ಯೂಟರಿನ ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋದಾಗೆಲ್ಲ ತಾರೀಖು, ಸಮಯ ಎಲ್ಲಿಗೋ ಹೋಗುತ್ತದೆ. ನೆಟ್ ಇಲ್ಲದ್ದರಿಂದ ತಾನಾಗಿ ಸರಿಯಾಗುವುದಿಲ್ಲ, ಹೊತ್ತಿನ ಮಿತಿಯೂ ಕೆಡುತ್ತದೆ. ಹೊಸ ಬ್ಯಾಟರಿ ಹಾಕಿಸಿ, ಹೆಚ್ಚಿನ ಖರ್ಚಿಲ್ಲ.

ಪಾಸ್‌ವರ್ಡ್ ಮರೆತರೆ ಇಮೇಲಿನಿಂದ ಬಿಡಿಸಿಕೊಳ್ಳಲು ಆಗದು. ಖಾತೆ ಮಾಡುವಾಗ ಕೇಳುವ ಮೂರು ಗುಟ್ಟಿನ ಪ್ರಶ್ನೆಗಳಿಗೆ ಮಕ್ಕಳಿಗೆ ಗೊತ್ತಿಲ್ಲದ ಉತ್ತರ ಕೊಟ್ಟು, ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಿ.

ಇನ್ನು ಹೋದ ಅಳತೆಗಳು. ಅಳಿಸಿದ ಜಾಗದ ಮೇಲೆ ಬೇರೆಯದು ಬರೆಯದಿದ್ದರೆ ಫೈಲುಗಳನ್ನು ಮರಳಿ ತೆಗೆಯುವ ಆಸೆ ಇರುತ್ತದೆ. ಸಿನಿಮಾ ತುಂಬಿಸಿ ಆಗಿರುವುದರಿಂದ ಸ್ವಲ್ಪ ಮಾತ್ರ ಸಿಕ್ಕೀತು. ಆದರೂ ಇವತ್ತೇ ಕಂಪ್ಯೂಟರ್ ಆರಿಸಿ, ರಾಯಚೂರಿನಲ್ಲಿ ಈ ಕೆಲಸ ಬಲ್ಲವರಿಗೆ ತೋರಿಸಿ. ಈ ಸಲ ಕಿರಿಯವನನ್ನೂ ಜೊತೆಗೆ ಕರೆದೊಯ್ಯಿರಿ.