ಮೊದಲು ಫೋಟೋ, ಆಮೇಲೆ ಸರ್ಚ್

ಹಳೇ ದಾಖಲೆ ಅಂದ ತಕ್ಷಣ ಎಂಜಿನಿಯರಿಂಗ್ ಓದೋ ನಾವು ಕೇಳೋದು ಎರಡೇ ಪ್ರಶ್ನೆ: "ಓಸಿಆರ್ ಆಗುತ್ತಾ?", "ಸರ್ಚ್ ಬಾಕ್ಸ್ ಎಲ್ಲಿ?" ಎರಡೂ ಬೇಕಾದ ಪ್ರಶ್ನೆಗಳೇ, ಆದರೆ ಮೊದಲು ಕೇಳಬೇಕಾದವಲ್ಲ. ಐರ್ಲೆಂಡಿನ ಕ್ಯಾಥೊಲಿಕ್ ಚರ್ಚ್ ರಿಜಿಸ್ಟರ್‌ಗಳ ಕಥೆ ಓದಿದ ಮೇಲೆ ನಮಗೆ ಹೀಗನ್ನಿಸಿದೆ.

1922ರ ಜೂನ್‌ನಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾದಾಗ ಡಬ್ಲಿನ್‌ನ ಸರ್ಕಾರಿ ದಾಖಲೆಗಳ ಕಚೇರಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳು ಬಹುತೇಕ ಬೂದಿಯಾದವು. ಪ್ರಾಟೆಸ್ಟೆಂಟರ ಚರ್ಚ್ ಆಫ್ ಐರ್ಲೆಂಡ್‌ನ ಎಷ್ಟೋ ರಿಜಿಸ್ಟರ್‌ಗಳನ್ನು ಕಾಪಾಡಬೇಕು ಅಂತಲೇ ಅಲ್ಲಿಗೆ ತಂದಿಟ್ಟಿದ್ದರು, ಅವೂ ಹೋದವು. ಕ್ಯಾಥೊಲಿಕರ ರಿಜಿಸ್ಟರ್‌ಗಳು ಮಾತ್ರ ಆಯಾ ಊರಿನ ಪಾದ್ರಿಗಳ ಹತ್ತಿರವೇ ಇದ್ದವು, ಹಾಗಾಗಿ ಉಳಿದವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಒಂದೇ ಸರ್ವರ್‌ನಲ್ಲಿ ಇಟ್ಟದ್ದು ಹೋಯ್ತು, ಊರೂರಲ್ಲಿ ಹಂಚಿಹೋಗಿದ್ದು ಉಳೀತು.

ಅಲ್ಲಿ ಸರ್ಕಾರ ಎಲ್ಲರ ಜನನ-ಮರಣ ನೋಂದಣಿ ಶುರುಮಾಡಿದ್ದು 1864ರಲ್ಲಿ. ಅದಕ್ಕೂ ಮುಂಚೆ ಹುಟ್ಟಿದ ಒಬ್ಬ ಬಡ ಕೂಲಿಯವನ ಹೆಸರು ಎಲ್ಲಾದ್ರೂ ಇದ್ರೆ, ಅದು ಹೆಚ್ಚಾಗಿ ದೀಕ್ಷಾಸ್ನಾನದ ರಿಜಿಸ್ಟರ್‌ನ ಒಂದು ಸಾಲಿನಲ್ಲಿ. 1840ರ ದಶಕದ ಬರಗಾಲದಲ್ಲಿ ಅಮೆರಿಕದ ಹಡಗು ಹತ್ತಿದವರ ಮರಿಮಕ್ಕಳಿಗೆ ತಮ್ಮ ಊರು ಯಾವುದು ಅಂತ ತಿಳಿಯೋಕೆ ಆ ಸಾಲೇ ದಾರಿ.

ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಹಿಂದೆಯೇ ಈ ಪುಸ್ತಕಗಳನ್ನು ಮೈಕ್ರೋಫಿಲ್ಮ್ ಮಾಡಿಸಿತ್ತು. 2015ರ ಜುಲೈನಲ್ಲಿ ಆ ಫಿಲ್ಮ್‌ಗಳ ಮೂರೂವರೆ ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಹಾಕಿತು. ಆದರೆ ಹೆಸರು ಟೈಪ್ ಮಾಡಿ ಹುಡುಕೋ ಹಾಗಿರಲಿಲ್ಲ. ಊರು, ವರ್ಷ ಆರಿಸ್ಕೊಂಡು ಒಂದೊಂದೇ ಪುಟ ತಿರುವಬೇಕಿತ್ತು. ಅರ್ಧಂಬರ್ಧ ಕೆಲಸ ಅನ್ನಿಸಬಹುದು. ನಮ್ಮ ಪ್ರಕಾರ ಇದೇ ಸರಿಯಾದ ಕೆಲಸ. ಚಿತ್ರ ಎಲ್ಲರ ಕೈಗೆ ಸಿಕ್ಕಿತು, ಹೆಸರುಗಳ ಇಂಡೆಕ್ಸ್ ಮರುವರ್ಷ ಬಂತು. ಇಂಡೆಕ್ಸ್ ಪೂರ್ತಿಯಾಗಲಿ ಅಂತ ಕಾದಿದ್ರೆ ಅಷ್ಟು ದಿನ ಯಾರಿಗೂ ಏನೂ ಸಿಗ್ತಿರಲಿಲ್ಲ.

ಇಂಡೆಕ್ಸ್ ಬಂದ್ರೂ ಚಿತ್ರದ ಕೆಲಸ ಮುಗಿಯಲ್ಲ. ಎಷ್ಟೋ ಪಾದ್ರಿಗಳು ಬರೆದದ್ದು ಲ್ಯಾಟಿನ್‌ನಲ್ಲಿ. ಜೇಮ್ಸ್ ಅಲ್ಲಿ ಯಾಕೋಬುಸ್, ವಿಲಿಯಂ ಅಲ್ಲಿ ಗುಲಿಯೆಲ್ಮುಸ್. ಓ'ಸುಲಿವನ್ ಮನೆತನದವರು ಬರೀ ಸುಲಿವನ್ ಆಗಿರ್ತಾರೆ. ಶಾಯಿ ಮಾಸಿರುತ್ತೆ, ಅಕ್ಷರ ಒಂದರ ಮೇಲೊಂದು ಬಿದ್ದಿರುತ್ತೆ. ಓದಿ ಟೈಪ್ ಮಾಡಿದವರು ಒಂದಕ್ಷರ ತಪ್ಪಿದ್ರೂ ಅಜ್ಜ ಸರ್ಚ್‌ನಲ್ಲಿ ಮಾಯ. 'ಸೊನ್ನೆ ರಿಸಲ್ಟ್' ಅಂದ್ರೆ ಆ ಮನುಷ್ಯ ಇರಲೇ ಇಲ್ಲ ಅಂತಲ್ಲ. ಪುಟವನ್ನೇ ನೋಡಿದ್ರೆ ಮಗುವಿಗೆ ಗಾಡ್‌ಪೇರೆಂಟ್ಸ್ ಆಗಿ ನಿಂತವರ ಹೆಸರೂ ಸಿಗುತ್ತೆ. ಅವರು ಎಷ್ಟೋ ಸಲ ಚಿಕ್ಕಪ್ಪ, ಅತ್ತೆ, ಇಲ್ಲಾ ಪಕ್ಕದ ಮನೆಯವರು. ಕುಟುಂಬದ ಮುಂದಿನ ಕೊಂಡಿ ಅಲ್ಲೇ ಇರುತ್ತೆ.

ಇದು ಐರ್ಲೆಂಡಿನ ಮಾತು ಮಾತ್ರ ಅಲ್ಲ. ದೀಕ್ಷಾಸ್ನಾನ, ಮದುವೆ, ಮರಣದ ಪುಸ್ತಕಗಳನ್ನು ಪ್ರತಿ ಪ್ಯಾರಿಷ್ ಇಡಲೇಬೇಕು ಅನ್ನೋದು ಕ್ಯಾಥೊಲಿಕ್ ಚರ್ಚಿನ ನಿಯಮ. ಮಂಗಳೂರು, ಉಡುಪಿ ಕಡೆಯ ಚರ್ಚುಗಳಿಗೂ ಅದು ಅನ್ವಯಿಸುತ್ತೆ. ಕರಾವಳಿಯ ಮಳೆಗಾಲ, ಗೆದ್ದಲು ಹಳೇ ಕಾಗದಕ್ಕೆ ಏನು ಮಾಡುತ್ತೆ ಅಂತ ಅಲ್ಲಿಯ ಗೆಳೆಯರಿಗೆ ಹೇಳಿಕೊಡಬೇಕಿಲ್ಲ.

ಖಾಸಗಿತನದ ಪ್ರಶ್ನೆಯೂ ಇದೆ. ಮದುವೆಯಾಗದ ತಾಯಿಗೆ ಹುಟ್ಟಿದ ಮಗು ಅಂತ ಗುರುತು ಹಾಕಿದ ಸಾಲುಗಳೂ ಈ ಪುಸ್ತಕಗಳಲ್ಲಿರುತ್ತವೆ. ಅದಕ್ಕೇ ಎಲ್ಲವನ್ನೂ ತೆರೆದಿಡಿ ಅಂತ ನಾವು ಹೇಳ್ತಿಲ್ಲ. ಐರ್ಲೆಂಡಿನ ಆ ಚಿತ್ರಗಳು ಹೆಚ್ಚುಕಡಿಮೆ 1880ಕ್ಕೆ ನಿಲ್ಲುತ್ತವೆ. ಅಂಥದ್ದೊಂದು ಗಡಿ ಎಲ್ಲ ಕಡೆಯೂ ಬೇಕು.

ಆದರೆ ಫೋಟೋ ತೆಗೆಯೋಕೆ ಗಡಿ ಬೇಕಿಲ್ಲ. ಚರ್ಚಿನವರ ಒಪ್ಪಿಗೆ, ಒಳ್ಳೇ ಬೆಳಕು, ಒಂದು ಕ್ಯಾಮೆರಾ, ಎರಡು ಬೇರೆ ಊರಲ್ಲಿ ಕಾಪಿ, ಇಷ್ಟಿದ್ರೆ ಸಾಕು. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಕೈಬರಹ ಓದೋ ಮಾಡೆಲ್ ಮಾಡೋಣ ಅನ್ನೋ ಗೆಳೆಯರೇ, ಖಂಡಿತ ಮಾಡಿ. ಮಾಡೆಲ್ ಹತ್ತು ವರ್ಷ ಆದ್ಮೇಲೂ ಮಾಡಬಹುದು. ಗೆದ್ದಲು ತಿಂದ ಪುಟವನ್ನ ಯಾವ ಮಾಡೆಲ್ಲೂ ಓದಲ್ಲ.