ಒಂಬತ್ತನೇ ಕಾಲಂನಲ್ಲಿ ಯಾರ ಹೆಸರೈತಿ?

ನಾವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು. ಯಾವೂರು ಅಂತ ಕೇಳಿದರೆ ಮನೆಯ ಹಿರಿಯರು ಇನ್ನೂ ಬಳ್ಳಾರಿ ಅಂತಾರೆ. ನಾವು 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆ ಅಂತೀವಿ. ಅದೂ ಗೊತ್ತಾಗದವರಿಗೆ 'ಹಂಪಿ ಹತ್ರ' ಅಂತ ಹೇಳಿ ಮುಗಿಸ್ತೀವಿ. ನಮ್ಮಲ್ಲಿ ಬಹಳಷ್ಟು ಜನರ ಸೆಮಿಸ್ಟರ್ ಫೀಸು ಬರೋದು ಹೊಲದಿಂದಲೇ. ಮಸಾರಿ ಹೊಲದಾಗ ಶೇಂಗಾ, ಎರೆ ಹೊಲದಾಗ ಜೋಳ, ಈಗೀಗ ಎಲ್ಲೆಲ್ಲೂ ಮೆಕ್ಕೆಜೋಳ, ಹಡಗಲಿ ಕಡೆಯವರಾದರೆ ಒಂದಿಷ್ಟು ಮಲ್ಲಿಗೆ. ಮಳೆ ಕೈಕೊಟ್ಟ ವರ್ಷ ಫೀಸು ಸಾಲದಿಂದ ಬರುತ್ತೆ.

ಈ ಲೇಖನ ಬರೆಯೋಕೆ ಕಾರಣ ನಮ್ಮ ಗುಂಪಿನ ಒಬ್ಬ ಗೆಳತಿ. ಹೋದ ಸೆಮಿಸ್ಟರ್ ಇಂಟರ್ನಲ್ಸ್ ನಡುವೆ ಅವಳಿಗೆ ಊರಿನಿಂದ ದೊಡ್ಡಪ್ಪನ ಫೋನ್ ಬಂತು. "ಯವ್ವಾ, ಒಂದು ಸಹಿ ಐತಿ, ಬಂದು ಹೋಗು." ಅವಳು ರಾತ್ರಿ ಬಸ್ಸಿಗೆ ಹೋದಳು, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿದಳು, ಹೆಬ್ಬೆಟ್ಟು ಒತ್ತಿದಳು, ಮರುದಿನ ಲ್ಯಾಬಿಗೆ ವಾಪಸ್. ಮನೆಯವರು ಒಂದು ಸೀರೆ, ಅರಿಶಿನ ಕುಂಕುಮ ಕೊಟ್ಟು ಕಳಿಸಿದ್ದರು. ವಾರವಾದ ಮೇಲೆ ಕ್ಯಾಂಟೀನಿನಲ್ಲಿ ಬಾಯಿಬಿಟ್ಟಳು: ಅದು ಹಕ್ಕು ಬಿಡುಗಡೆ ಪತ್ರ. ತೀರಿಹೋದ ಅಪ್ಪನ ಹೊಲದಲ್ಲಿ ನನಗೇನೂ ಪಾಲು ಬೇಡ ಅಂತ ಬರೆದುಕೊಟ್ಟಿದ್ದಳು.

"ಓದಲಿಲ್ಲೇನು?" ಅಂತ ಕೇಳಿದ್ವಿ. "ಓದಿದೆ" ಅಂದಳು. "ಮತ್ತ್ಯಾಕೆ ಹಾಕಿದಿ?" ಅಂದರೆ, "ನಾನು ನಾಳೆ ಬೆಂಗಳೂರಿಗೆ ಹೋಗ್ತೀನಿ. ಅವ್ವ ಅದೇ ಮನ್ಯಾಗ ಇರಬೇಕಲ್ಲ" ಅಂದಳು.

ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಯಾಕಂದ್ರೆ ಅಲ್ಲಿ ಕೂತಿದ್ದ ಹುಡುಗರ ಮನೆಗಳಲ್ಲೂ ಅಕ್ಕಂದಿರು ಇಂಥದ್ದೇ ಸಹಿ ಹಾಕಿದ್ದರು. ಅವತ್ತು ನಮಗೆ ಅದು ಅನ್ಯಾಯ ಅಂತ ಅನಿಸಿರಲೇ ಇಲ್ಲ.

ಅವತ್ತೇ ರಾತ್ರಿ ಹಾಸ್ಟೆಲಿನಲ್ಲಿ ನಾವು ಆರು ಜನ ಸೇರಿ, ಮನೆಗೆ ಫೋನ್ ಮಾಡಿ ಸರ್ವೆ ನಂಬರ್ ಕೇಳಿ, ಭೂಮಿ ವೆಬ್‌ಸೈಟಿನಲ್ಲಿ ನಮ್ಮ ನಮ್ಮ ಪಹಣಿ ತೆಗೆದು ನೋಡಿದ್ವಿ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಹೊಲದ ಒಡೆಯನ ಹೆಸರು ಇರುತ್ತೆ, ಹನ್ನೊಂದರಲ್ಲಿ ಸಾಲ ಮತ್ತು ಇತರ ಹಕ್ಕುಗಳು, ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆ. ಇಬ್ಬರ ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇತ್ತು. ಮೂವರದು ಅಪ್ಪನ ಹೆಸರಿನಲ್ಲಿ. ಒಬ್ಬನ ಮನೆಗೆ ಹೊಲವೇ ಇಲ್ಲ, ಅವನಪ್ಪ ಗುಳೆ ಹೋಗಿ ದುಡಿದು ಮಗನನ್ನ ಓದಿಸ್ತಿದ್ದಾರೆ. ಅವ್ವನ ಹೆಸರು ಒಂದರಲ್ಲೂ ಇರಲಿಲ್ಲ. ಕಳೆ ತೆಗೆಯೋದು, ಶೇಂಗಾ ಬಿಡಿಸೋದು, ಬುತ್ತಿ ಹೊತ್ತು ಹೊಲಕ್ಕೆ ಹೋಗೋದು ಅವ್ವ. ಆದರೆ ಕಾಗದದ ಪ್ರಕಾರ ಅವಳು ರೈತಳಲ್ಲ.

ಆ ಕಾಲಂ ಎಲ್ಲಿಂದ ಬಂತು ಅಂತ ಹುಡುಕಿದ್ವಿ. 1800ರಲ್ಲಿ ನಿಜಾಮ ನಮ್ಮ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹೊಲ ಹೊಲವನ್ನೂ ಅಳೆಸಿ, ಒಬ್ಬೊಬ್ಬ ರೈತನ ಹೆಸರಿಗೆ ನೇರವಾಗಿ ಕಂದಾಯ ಕಟ್ಟಿದ. ಅದೇ ರೈತವಾರಿ ಪದ್ಧತಿ. ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ ಸೇರುವ ತನಕ ಮದ್ರಾಸಿನಲ್ಲಿತ್ತು. ಆ ಗುರುತು ಇನ್ನೂ ಅಳಿದಿಲ್ಲ: ಪಕ್ಕದ ಜಿಲ್ಲೆಯವರು ಎಕರೆಗೆ 40 ಗುಂಟೆ ಅಂತ ಎಣಿಸಿದರೆ ನಮ್ಮ ಹಿರಿಯರು 100 ಸೆಂಟ್ಸ್ ಅಂತ ಎಣಿಸ್ತಾರೆ.

ಇಲ್ಲಿ ಗಮನಿಸಬೇಕಾದ್ದು ಒಂದೈತಿ. ಸರ್ಕಾರಕ್ಕೆ ಆಗ ಬೇಕಿದ್ದದ್ದು ಕಂದಾಯ ಯಾರನ್ನು ಕೇಳಬೇಕು ಅನ್ನೋದಕ್ಕೆ ಒಂದು ಹೆಸರು. ಆ ಹೊಲದಲ್ಲಿ ಯಾರ್ಯಾರು ದುಡೀತಾರೆ, ಅದನ್ನ ನಂಬಿ ಯಾರ್ಯಾರು ಬದುಕ್ತಾರೆ ಅನ್ನೋದು ಅದರ ಲೆಕ್ಕದಲ್ಲಿರಲಿಲ್ಲ. ಕಂದಾಯದ ಭಾರ ಈಗ ಹೆಸರಿಗಷ್ಟೇ ಉಳಿದಿದೆ. ಆದರೆ ಅದೇ ಹೆಸರಿಗೆ ಬೆಳೆ ಸಾಲ ಸಿಗುತ್ತೆ, ಬೆಳೆ ವಿಮೆ ಸಿಗುತ್ತೆ, ಬರ ಪರಿಹಾರ ಬರುತ್ತೆ. 2023ರಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತ ಅಂತ ಘೋಷಣೆಯಾದಾಗ ಪರಿಹಾರ ಹೋಗಿದ್ದು ಹೊಲದ ದಾಖಲೆಗೆ ಜೋಡಿಸಿದ ಖಾತೆಗಳಿಗೆ. ತೀರಿಹೋದ ತಾತನಿಗೆ ಬ್ಯಾಂಕ್ ಖಾತೆ ಎಲ್ಲಿಂದ ಬರಬೇಕು?

ಇನ್ನೊಂದು ಕಥೆ ನಮ್ಮನ್ನ ಇನ್ನೂ ಹೆಚ್ಚು ಕಾಡಿತು. 19ನೇ ಶತಮಾನದ ಕೊನೆಯಲ್ಲಿ ಫ್ರೆಡ್ ಫಾಸೆಟ್ ಅನ್ನೋ ಪೊಲೀಸ್ ಅಧಿಕಾರಿ ಬಳ್ಳಾರಿ ಜಿಲ್ಲೆಯ ಬಸವಿಯರ ಬಗ್ಗೆ ಬರೆದಿದ್ದಾನೆ. ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ದೇವರಿಗೆ ಬಿಡುತ್ತಿದ್ದರು. ಹಾಗೆ ಬಿಟ್ಟ ಮಗಳಿಗೆ ಗಂಡುಮಗನ ಹಕ್ಕು: ಅಪ್ಪನ ಆಸ್ತಿ ಅವಳಿಗೆ, ಅಪ್ಪನ ಕರ್ಮ ಮಾಡುವ ಅಧಿಕಾರವೂ ಅವಳಿಗೆ. ಅಂದರೆ ನಮ್ಮದೇ ಊರುಗಳಲ್ಲಿ ಹೆಣ್ಣಿಗೆ ಹೊಲ ಸಿಗಬೇಕಾದರೆ ಅವಳು ಮದುವೆ, ಸಂಸಾರ ಎಲ್ಲಾ ಬಿಟ್ಟು 'ಮಗ' ಆಗಬೇಕಿತ್ತು. ಆ ಪದ್ಧತಿ ಎಷ್ಟು ಹೆಣ್ಣುಮಕ್ಕಳ ಬಾಳು ತಿಂದಿತು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1982ರ ಕಾಯ್ದೆ ದೇವರಿಗೆ ಬಿಡೋದನ್ನ ಅಪರಾಧ ಮಾಡಿತು. ಆದರೆ ಮಗಳು ಮಗಳಾಗಿದ್ದುಕೊಂಡೇ ಪಾಲು ಕೇಳಬಹುದು ಅನ್ನೋ ಮಾತು ಇನ್ನೂ ನಮ್ಮ ಮನೆಯ ಕಟ್ಟೆ ಹತ್ತಿಲ್ಲ.

ಕಾನೂನು ಯಾವತ್ತೋ ಹೇಳಿದೆ. ಹಿಂದೂ ವಾರಸಾ ಕಾಯ್ದೆಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆದರೆ ಅಷ್ಟರೊಳಗೆ ಮದುವೆಯಾದವರನ್ನ ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಗೆರೆಯನ್ನೂ ಅಳಿಸಿತು. 2005ರಲ್ಲಿ ಅಪ್ಪ ಬದುಕಿರಲಿ ಬಿಡಲಿ, ಹುಟ್ಟಿನಿಂದಲೇ ಮಗಳಿಗೆ ಹಕ್ಕು ಅಂತ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿತು. ಅಪ್ಪ ಸ್ವಂತ ದುಡಿದು ಕೊಂಡ ನಾಲ್ಕು ಎಕರೆ ಐತಿ, ಉಯಿಲು ಬರೆಯದೆ ತೀರಿಹೋದರು, ಮನೆಯಲ್ಲಿ ಅವ್ವ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಅಂದುಕೊಳ್ಳಿ. ತಲೆಗೆ ಒಂದೊಂದು ಎಕರೆ. ಹೌದು, ಅವ್ವನಿಗೂ ಒಂದು.

ಇದನ್ನ ಮನೆಯಲ್ಲಿ ಎತ್ತಿದರೆ ಬರುವ ಮಾತುಗಳು ನಮಗೆ ಗೊತ್ತು. 'ಮದುವಿ ಮಾಡಿ ಕೊಟ್ಟೀವಲ್ಲ, ಅದೇ ಅವಳ ಪಾಲು.' ಸರಿ, ಹಾಗಾದರೆ ಮಗನ ಇಂಜಿನಿಯರಿಂಗ್ ಸೀಟು, ಹಾಸ್ಟೆಲು, ಲ್ಯಾಪ್‌ಟಾಪು? ಅದನ್ನ ಯಾರೂ ಪಾಲಿಗೆ ಹಿಡಿಯಲ್ಲ. ಒಬ್ಬರ ಖರ್ಚು ಪ್ರೀತಿ, ಇನ್ನೊಬ್ಬರ ಖರ್ಚು ಪಾಲು. ಈ ಲೆಕ್ಕ ಯಾವ ಗಣಿತದಾಗೂ ಕೂಡಲ್ಲ.

'ಅಪ್ಪ ಅವ್ವನ್ನ ನೋಡ್ಕೊಳ್ಳೋನು ಮಗ.' ಎಷ್ಟೋ ಮನೆಗಳಲ್ಲಿ ಇದು ನಿಜ, ಆ ಮಗನ ಕಷ್ಟ ಸಣ್ಣದಲ್ಲ. ಸಾಲ, ಬೋರು, ಆಸ್ಪತ್ರೆ ಎಲ್ಲಾ ಅವನ ತಲೆ ಮೇಲೆ. ಆ ಲೆಕ್ಕವನ್ನೂ ಎಲ್ಲರ ಎದುರು ಬಿಚ್ಚಿಡೋಣ, ಸಾಲವೂ ಸಮನಾಗಿ ಹಂಚಿಕೆಯಾಗಲಿ. ಆದರೆ ಲೆಕ್ಕ ಮಾಡಿ ಹಂಚೋದು ಬೇರೆ, ಲೆಕ್ಕವನ್ನೇ ಕೇಳಬೇಡ ಅನ್ನೋದು ಬೇರೆ.

'ಹೊಲ ಚೂರುಚೂರಾಗುತ್ತೆ.' ಇದಕ್ಕೆ ಜಾವಾ ದ್ವೀಪದ ಹಳ್ಳಿಗಳನ್ನ ನೋಡಬೇಕು. ನಮಗಿಂತ ದಟ್ಟ ಜನ, ಅರ್ಧ ಹೆಕ್ಟೇರಿಗಿಂತ ಸಣ್ಣ ಭತ್ತದ ಗದ್ದೆಗಳು. ಅಲ್ಲಿನ ಸಂಪ್ರದಾಯದಲ್ಲಿ ಹೆಣ್ಣುಮಕ್ಕಳಿಗೂ ಗದ್ದೆ ಬರುತ್ತೆ, ಕೆಲವು ಮನೆಗಳಲ್ಲಿ ಸಮಪಾಲು, ಕೆಲವು ಕಡೆ ಗಂಡಿಗೆ ಎರಡು ಹೆಣ್ಣಿಗೆ ಒಂದು. ಗಂಡು ಹೆಗಲ ಅಡ್ಡೆಯಲ್ಲಿ ಎರಡು ಬುಟ್ಟಿ ಹೊರ್ತಾನೆ, ಹೆಣ್ಣು ಬೆನ್ನ ಮೇಲೆ ಒಂದು ಹೊರ್ತಾಳೆ ಅಂತ ಅದಕ್ಕೊಂದು ಸಮಜಾಯಿಷಿ. ಅದೂ ಪೂರ್ತಿ ನ್ಯಾಯವಲ್ಲ, ಆದರೆ ಅಲ್ಲಿ ಮಗಳ ಪಾಲು ಸೊನ್ನೆಯಲ್ಲ. ನಮ್ಮಲ್ಲೂ ನಾಲ್ಕು ಗಂಡುಮಕ್ಕಳಿಗೆ ಹಂಚುವಾಗ ಚೂರಾಗುವ ಚಿಂತೆ ಯಾರಿಗೂ ಬರಲ್ಲ. ಬದು ಹಾಕಿ ಒಡೆಯಲೇಬೇಕು ಅಂತೇನೂ ಇಲ್ಲ. ಪಹಣಿಯಲ್ಲಿ ಎಲ್ಲರ ಹೆಸರು ಜಂಟಿಯಾಗಿ ಕೂರಲಿ, ಹೊಲ ಅಣ್ಣನೇ ಮಾಡಲಿ. ತವರಿನಿಂದ ತಂಗಿ ಮನೆಗೆ ಒಂದು ಚೀಲ ಜೋಳ ಬಂದರೆ ಅದು ಹಂಗಿನದಾಗಿರಲ್ಲ, ಪಾಲಿನದಾಗಿರುತ್ತೆ.

ಹೊಲವೇ ಇಲ್ಲದ ಗೆಳೆಯನ ಮಾತನ್ನೂ ಮರೆಯೋ ಹಾಗಿಲ್ಲ. ಅವನದು ತಾಂಡಾ. ಮೂರು ತಲೆಮಾರು ವಾಸ ಇದ್ದ ಮನೆಗೂ ಕಾಗದ ಇರಲಿಲ್ಲ. 2025ರ ಮೇ 20ರಂದು ಹೊಸಪೇಟೆಯಲ್ಲಿ ರಾಜ್ಯ ಸರ್ಕಾರ 1,11,111 ಹಕ್ಕುಪತ್ರ ಹಂಚುವ ಕಾರ್ಯಕ್ರಮ ಮಾಡಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಕಾಗದ ಹೊಸದಾಗಿ ಹುಟ್ಟೋ ಮನ್ಯಾಗಾದ್ರೂ ಅವ್ವನ ಹೆಸರು ಮೊದಲೇ ಬರೀಬಹುದಲ್ಲ?" ನಮ್ಮೆಲ್ಲರಿಗಿಂತ ಅವನೇ ಸರಿಯಾಗಿ ಹೇಳಿದ ಅನಿಸಿತು.

ನಮ್ಮ ಅಭಿಪ್ರಾಯ ಇಷ್ಟೇ. ಈ ಮಾತು ಆಡಬೇಕಾದ್ದು ಅಪ್ಪ ಬದುಕಿರುವಾಗ, ಸಾವಿನ ಮನೆಯಲ್ಲಲ್ಲ. ಆಡಬೇಕಾದವರು ಗಂಡುಮಕ್ಕಳು. ತಂಗಿ ಕೇಳಿದರೆ ಅವಳು ಆಸೆಬುರುಕಿ, ಓದಿ ಕೆಟ್ಟವಳು. ಅಣ್ಣನೇ "ಅವಳ ಹೆಸರೂ ಬರೀರಿ" ಅಂದರೆ ಆ ಮಾತಿಗೆ ಎದುರು ನಿಲ್ಲೋದು ಕಷ್ಟ. ನಮ್ಮ ಗೆಳತಿಯ ಅಣ್ಣನೂ ಒಬ್ಬ ಇಂಜಿನಿಯರ್. ಅವತ್ತು ಅವನು ಆ ಒಂದು ಮಾತು ಆಡಿದ್ದರೆ ಅವಳು ಅವ್ವನ ಸಲುವಾಗಿ ಹೆದರಬೇಕಿರಲಿಲ್ಲ.

ಈ ರಜೆಗೆ ಊರಿಗೆ ಹೋದಾಗ ಮೂರು ಕೆಲಸ ಮಾಡೋಣ. ಒಂದು, ಪಹಣಿ ತೆಗೆದು ಒಂಬತ್ತನೇ ಕಾಲಂ ಓದೋಣ. ಎರಡು, ಅದು ತೀರಿಹೋದವರ ಹೆಸರಿನಲ್ಲಿದ್ದರೆ ಪೌತಿ ಖಾತೆಗೆ ಅರ್ಜಿ ಹಾಕಿಸೋಣ. ಅದಕ್ಕೆ ಮಾಡಿಸುವ ವಂಶವೃಕ್ಷದಲ್ಲಿ ಅವ್ವ, ಅಕ್ಕ, ತಂಗಿ, ಅತ್ತೆಯರ ಹೆಸರು ಬಿಟ್ಟುಹೋಗದಂತೆ ನೋಡೋಣ. ಮೂರು, ಯಾರೇ ಸಹಿ ಕೇಳಿದರೂ ಪತ್ರ ಮನೆಗೆ ತಂದು, ಎಲ್ಲರ ಎದುರು ಗಟ್ಟಿಯಾಗಿ ಓದಿಸಿ, ಆಮೇಲೆ ಯೋಚನೆ ಮಾಡೋಣ. ಒಮ್ಮೆ ರಿಜಿಸ್ಟರ್ ಆದ ಪತ್ರವನ್ನ ವಾಪಸ್ ತಗೊಳ್ಳೋದು ವರ್ಷಗಟ್ಟಲೆ ಕೋರ್ಟಿನ ಮಾತು.

ಗೆಳತಿ ಈ ಬರಹ ಓದಿದಳು. ಹೆಸರು ಹಾಕಬೇಡಿ ಅಂದಳು, ಹಾಕಿಲ್ಲ. ಆದರೆ ಒಂದು ಸಾಲು ಸೇರಿಸಿ ಅಂದಳು: "ಹೊಲ ಹೋದದ್ದಕ್ಕಿಂತ, ಯಾರೂ ನನ್ನ ಕೇಳಲಿಲ್ಲ ಅನ್ನೋದು ನೋವು."

ನೀವಾದರೂ ಕೇಳಿ.