ಕೋಡ್ ನಮ್ಮದು, ವಿಳಾಸ ಯಾರದ್ದು?

ಕ್ಯಾಂಪಸ್ ಸಂದರ್ಶನಕ್ಕೆ ಎರಡು ವಾರ ಇರುವಾಗ ನನ್ನ ಸಹಪಾಠಿಯ ಮೊಬೈಲ್ ಬಸ್ಸಿನಲ್ಲಿ ಕಳುವಾಯಿತು. ಅವನು ಪ್ರಾಜೆಕ್ಟ್‌ಗಳನ್ನು ಇಟ್ಟಿದ್ದ ತಾಣಕ್ಕೆ ಲಾಗಿನ್ ಆಗಲು ಬೇಕಾದ ಕೋಡ್ ಬರುತ್ತಿದ್ದುದು ಆ ಮೊಬೈಲಿಗೆ ಮಾತ್ರ. ರಿಕವರಿ ಕೋಡ್‌ಗಳನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಮೂರು ವರ್ಷದ ಖಾತೆ ಕೈತಪ್ಪಿತು. ರೆಸ್ಯೂಮೆಯಲ್ಲಿದ್ದ ಲಿಂಕ್ ಹಾಗೇ ಇತ್ತು, ಆದರೆ ಅದು ಅವನದಾಗಿ ಉಳಿದಿರಲಿಲ್ಲ.

ತಪ್ಪು ಅವನದೇ, ನಿಜ. ಆದರೆ ಆ ದಿನ ನನಗೊಂದು ಪ್ರಶ್ನೆ ಹುಟ್ಟಿತು: ನಾವು ಬರೆದ ಕೋಡ್ ನಮ್ಮದು, ಅದು ಇರುವ ವಿಳಾಸ ಯಾರದ್ದು?

ಈಗ ದೊಡ್ಡ ಓಪನ್ ಸೋರ್ಸ್ ತಂಡಗಳೂ ಇದೇ ಪ್ರಶ್ನೆ ಕೇಳುತ್ತಿವೆ. 2025ರ ನವೆಂಬರ್‌ನಲ್ಲಿ ‘ಜಿಗ್’ ಪ್ರೋಗ್ರಾಮಿಂಗ್ ಭಾಷೆಯ ತಂಡ ಗಿಟ್‌ಹಬ್ ತೊರೆದು ‘ಕೋಡ್‌ಬರ್ಗ್’ ಸೇರಿತು. ಕೋಡನ್ನು ತಾನಾಗಿಯೇ ಪರೀಕ್ಷಿಸುವ ವ್ಯವಸ್ಥೆಯ ದೋಷಗಳು ಸರಿಯಾಗುತ್ತಿಲ್ಲ, ಗಿಟ್‌ಹಬ್‌ನ ಗಮನವೆಲ್ಲ ಎಐ ಕಡೆಗಿದೆ ಎಂಬುದು ಆ ತಂಡದ ದೂರು. ಮೈಕ್ರೋಸಾಫ್ಟ್ 2018ರಲ್ಲಿ 750 ಕೋಟಿ ಡಾಲರ್‌ಗೆ ಗಿಟ್‌ಹಬ್ ಖರೀದಿಸಿತ್ತು. 2025ರ ಆಗಸ್ಟ್‌ನಲ್ಲಿ ಅದರ ಸಿಇಒ ಥಾಮಸ್ ಡೋಮ್ಕೆ ನಿರ್ಗಮನ ಘೋಷಿಸಿದಾಗ, ಸಂಸ್ಥೆ ಮೈಕ್ರೋಸಾಫ್ಟ್‌ನ ಎಐ ವಿಭಾಗದಡಿ ಸೇರಿತು.

ಇತಿಹಾಸವೂ ಎಚ್ಚರಿಸುತ್ತದೆ. ಒಂದು ಕಾಲಕ್ಕೆ ಎಲ್ಲರೂ ಬಳಸುತ್ತಿದ್ದ ಸೋರ್ಸ್‌ಫೋರ್ಜ್, 2015ರಲ್ಲಿ ‘ಗಿಂಪ್’ ತಂತ್ರಾಂಶದ ವಿಂಡೋಸ್ ಆವೃತ್ತಿಯ ಜೊತೆ ಜಾಹೀರಾತು ತಂತ್ರಾಂಶ ಸೇರಿಸಿ ಹೆಸರು ಕೆಡಿಸಿಕೊಂಡಿತು. ಗೂಗಲ್ ಕೋಡ್ 2016ರಲ್ಲಿ ಮುಚ್ಚಿತು. ಅಮೆರಿಕದ ನಿರ್ಬಂಧಗಳ ಕಾರಣ 2019ರಲ್ಲಿ ಇರಾನ್, ಸಿರಿಯಾದ ಡೆವಲಪರ್‌ಗಳ ಗಿಟ್‌ಹಬ್ ಸೌಲಭ್ಯ ಮೊಟಕಾಯಿತು. ನಮ್ಮಲ್ಲೂ 2014ರ ಕೊನೆಯಲ್ಲಿ ಸರ್ಕಾರ ತಡೆಹಿಡಿದ 32 ತಾಣಗಳಲ್ಲಿ ಗಿಟ್‌ಹಬ್ ಸೇರಿತ್ತು. ಬೇಗನೆ ತೆರವಾಯಿತು ಎಂಬುದಷ್ಟೇ ಸಮಾಧಾನ.

ಹಾಗಾದರೆ ಎಲ್ಲರೂ ಗಂಟುಮೂಟೆ ಕಟ್ಟಬೇಕೇ? ಅಷ್ಟು ಸುಲಭವಲ್ಲ. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ರೂಪಿಸಿದ ‘ಗಿಟ್’ ವ್ಯವಸ್ಥೆಯಲ್ಲಿ, ಕ್ಲೋನ್ ಮಾಡಿದವರ ಲ್ಯಾಪ್‌ಟಾಪಿಗೆಲ್ಲ ಕೋಡಿನ ಪೂರ್ಣ ಚರಿತ್ರೆ ಬರುತ್ತದೆ. ಹಾಗಾಗಿ ಕೋಡ್ ಸಾಗಿಸುವುದು ನಿಮಿಷಗಳ ಕೆಲಸ. ಬಾರದಿರುವುದು ಕೋಡಿನ ಸುತ್ತ ಬೆಳೆದದ್ದು: ದೋಷಗಳ ಪಟ್ಟಿ, ಪುಲ್ ರಿಕ್ವೆಸ್ಟ್ ಮೇಲಿನ ಚರ್ಚೆ, ಸ್ಟಾರ್‌ಗಳು, ಹೊಸ ಕೊಡುಗೆದಾರರು. ನಮ್ಮನ್ನು ಹಿಡಿದಿಟ್ಟಿರುವುದು ಇವೇ.

ಗ್ನೋಮ್, ಕೆಡಿಇ, ಡೆಬಿಯನ್ ತಂಡಗಳು ತಮ್ಮದೇ ಸರ್ವರಿನಲ್ಲಿ ಗಿಟ್‌ಲ್ಯಾಬ್ ನಡೆಸುತ್ತಿವೆ. ಅದಕ್ಕೆ ಹಣ, ನೋಡಿಕೊಳ್ಳುವ ಜನ ಎರಡೂ ಬೇಕು. ಕೋಡ್‌ಬರ್ಗ್ ಅನ್ನು ನಡೆಸುವುದು ಬರ್ಲಿನ್‌ನ ಲಾಭರಹಿತ ಸಂಘ. ದೇಣಿಗೆ, ಸದಸ್ಯತ್ವವೇ ಅದರ ಆಧಾರ. ಅಲ್ಲಿ ಜಾಹೀರಾತಿಲ್ಲ, ಮಾರಾಟವಾಗುವ ಭಯ ಕಡಿಮೆ. ಆದರೆ ಕಾಲೇಜಿಗೆ ಬರುವ ಎಚ್‌ಆರ್‌ಗಳಲ್ಲಿ ಎಷ್ಟು ಜನ ಅದರ ಹೆಸರು ಕೇಳಿರುತ್ತಾರೆ? ಕೆಲಸ ಹುಡುಕುವವನಿಗೆ ಇದು ಸಣ್ಣ ಮಾತಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ತಾಣ ಆರಿಸುವಾಗ ‘ಯಾವುದು ದೊಡ್ಡದು’ ಎನ್ನುವುದಕ್ಕಿಂತ ‘ನಾಳೆ ಬಿಡಬೇಕಾದರೆ ಏನೇನು ಜೊತೆಗೆ ಬರುತ್ತದೆ’ ಎಂದು ಕೇಳೋಣ. ಉದ್ಯೋಗಕ್ಕಾಗಿ ಗಿಟ್‌ಹಬ್‌ನಲ್ಲಿ ಇರೋಣ, ಆದರೆ ಅಲ್ಲಿ ಮಾತ್ರ ಬೇಡ. ಒಂದೇ ಪ್ರಾಜೆಕ್ಟಿಗೆ ಎರಡು ರಿಮೋಟ್ ವಿಳಾಸ ಸೇರಿಸಿ ಎರಡೂ ಕಡೆ ಪುಶ್ ಮಾಡಬಹುದು. ಮುಖ್ಯ ಚರ್ಚೆಗಳ ತೀರ್ಮಾನವನ್ನು ಪ್ರಾಜೆಕ್ಟಿನೊಳಗೇ ಒಂದು ಫೈಲಿನಲ್ಲಿ ಬರೆದಿಡಬಹುದು. ಲೈಸೆನ್ಸ್ ಫೈಲ್ ಮರೆಯಬಾರದು. ಅದಿಲ್ಲದ ಕೋಡ್ ಎಲ್ಲರಿಗೂ ಕಾಣುತ್ತದೆಯೇ ಹೊರತು ಓಪನ್ ಸೋರ್ಸ್ ಅಲ್ಲ. ರಿಕವರಿ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ.

ನನ್ನ ಸಹಪಾಠಿಯ ಕೋಡ್ ಲ್ಯಾಪ್‌ಟಾಪಿನಲ್ಲಿ ಭದ್ರವಾಗಿತ್ತು. ಹೊಸ ಖಾತೆ ತೆರೆದು ಒಂದೇ ಸಂಜೆ ಎಲ್ಲವನ್ನೂ ಏರಿಸಿದ. ಬೇರೆಯವರ ಪ್ರಾಜೆಕ್ಟ್‌ಗಳಲ್ಲಿ ಅವನು ಸರಿಪಡಿಸಿದ ದೋಷಗಳು ಮಾತ್ರ ಇಂದಿಗೂ ಹಳೆಯ ಖಾತೆಯ ಹೆಸರಿನಲ್ಲೇ ಇವೆ. ಅವು ತನ್ನವೇ ಎಂದು ಸಂದರ್ಶನದಲ್ಲಿ ಅವನು ಬಾಯಿಮಾತಿನಲ್ಲೇ ಹೇಳಬೇಕಾಯಿತು.